ಸಕ್ಕರೆ, ಲಸಿಕೆ ಎರಡೂ ಸೇರಿದರೆ ಕ್ಯಾನ್ಸರ್ ಗಡ್ಡೆ ನಿಧಾನವಾಗುತ್ತದೆಯೇ? ಇಲಿಗಳ ಪ್ರಯೋಗ ಹೇಳುವುದೇನು?

"ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ" ಎಂಬ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಹಾಗಿರುವಾಗ ವಿಜ್ಞಾನಿಗಳೇ ಸಕ್ಕರೆ ಕೊಟ್ಟು, ಜೊತೆಗೆ ಲಸಿಕೆ ಹಾಕಿ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ನಿಧಾನಗೊಳಿಸಿದ್ದಾರೆ ಎಂದರೆ ಯಾವುದನ್ನು ನಂಬುವುದು? ಎರಡನೆಯದು ನಿಜ. ಆದರೆ ಅದು ಅಡುಗೆಮನೆ ಡಬ್ಬಿಯ ಸಕ್ಕರೆಯಲ್ಲ.

ನಮ್ಮ ಜೀವಕೋಶಗಳ ಹೊರಮೈಯಲ್ಲಿ ಸಕ್ಕರೆ ಅಣುಗಳ ಸರಪಳಿಗಳಿರುತ್ತವೆ. ಹಲವು ಸರಪಳಿಗಳ ತುದಿಯಲ್ಲಿರುವುದು ಸಿಯಾಲಿಕ್ ಆಮ್ಲ. ಅನೇಕ ಬಗೆಯ ಕ್ಯಾನ್ಸರ್ ಕೋಶಗಳ ಮೇಲೆ ಇದು ಅತಿಯಾಗಿರುತ್ತದೆ. ಹಾಗಿದ್ದರೆ ಇದರ ವಿರುದ್ಧವೇ ಲಸಿಕೆ ಮಾಡಬಹುದಲ್ಲ? ತೊಡಕು ಇಲ್ಲೇ ಇದೆ. ಇದು ದೇಹದ್ದೇ ವಸ್ತು. ಮನೆಯವರನ್ನು ಕಂಡ ಕಾವಲು ನಾಯಿಯಂತೆ ರೋಗನಿರೋಧಕ ವ್ಯವಸ್ಥೆ ಸುಮ್ಮನಿದ್ದುಬಿಡುತ್ತದೆ.

ಹಾಗಾಗಿ ವಿಜ್ಞಾನಿಗಳು ಕ್ಯಾನ್ಸರ್ ಕೋಶದ ವೇಷವನ್ನೇ ಬದಲಿಸಲು ನೋಡಿದರು. ಸಿಯಾಲಿಕ್ ಆಮ್ಲ ತಯಾರಾಗುವುದು ಮ್ಯಾನೋಸಮೈನ್ ಜಾತಿಯ ಸಕ್ಕರೆಯಿಂದ. ಅದರ ರಚನೆಯನ್ನು ಲ್ಯಾಬ್‌ನಲ್ಲಿ ತುಸು ಬದಲಿಸಿ ಕೊಟ್ಟರೆ, ಕೋಶ ವ್ಯತ್ಯಾಸ ತಿಳಿಯದೆ ಅದನ್ನೇ ಬಳಸಿ ಮೈಮೇಲೆ ಅಪರಿಚಿತ ಸಿಯಾಲಿಕ್ ಆಮ್ಲ ತೊಡುತ್ತದೆ. 2000ರಲ್ಲಿ ಕೆನಡಾದ ಹೆರಾಲ್ಡ್ ಜೆನ್ನಿಂಗ್ಸ್ ಮತ್ತು ಸಹೋದ್ಯೋಗಿಗಳು ಇಲಿಗಳಿಗೆ ಇಂಥ ಸಕ್ಕರೆ ಕೊಟ್ಟು, ಆ ಹೊಸ ರೂಪವನ್ನು ಹಿಡಿಯುವ ಸಿದ್ಧ ಪ್ರತಿಕಾಯವನ್ನೂ ಕೊಟ್ಟು, ರಕ್ತ ಕ್ಯಾನ್ಸರ್ ಕೋಶಗಳು ಹರಡುವುದನ್ನು ತಡೆದರು. ಮುಂದೆ ಬೇರೆ ತಂಡಗಳು ಸಿದ್ಧ ಪ್ರತಿಕಾಯದ ಬದಲು ಲಸಿಕೆಯನ್ನೇ ಹಾಕಿ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಪರೀಕ್ಷಿಸಿದವು. ಗಡ್ಡೆಯ ಬೆಳವಣಿಗೆ ನಿಧಾನವಾಯಿತು.

ಗಮನಿಸಿ, ನಿಧಾನವಾಯಿತು. ಫಾರ್ವರ್ಡ್ ಆಗುತ್ತಾ ಹೋದಂತೆ ಈ ಪದವೇ "ಗುಣವಾಯಿತು" ಎಂದಾಗಿಬಿಡುತ್ತದೆ. ಇಂಥ ಪ್ರಯೋಗಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಇಲಿಗೆ ಚುಚ್ಚಿ ಹಾಕಿರುತ್ತಾರೆ; ಗಡ್ಡೆ ಕೆಲವೇ ದಿನ, ವಾರಗಳಲ್ಲಿ ಬೆಳೆಯುತ್ತದೆ. ಮನುಷ್ಯರಲ್ಲಿ ಅದಕ್ಕೆ ವರ್ಷಗಳೇ ಹಿಡಿಯಬಹುದು. ಇನ್ನೊಂದು ದೊಡ್ಡ ಚಿಂತೆ: ಬದಲಿಸಿದ ಸಕ್ಕರೆ ಆರೋಗ್ಯವಂತ ಕೋಶಗಳಿಗೂ ಸೇರಿದರೆ ಲಸಿಕೆ ಅವುಗಳ ಮೇಲೂ ತಿರುಗಿಬೀಳಬಹುದು.

ಇನ್ನು ಮೊದಲ ಸಂದೇಶ. ಅದರಲ್ಲಿ ಒಂದೆಳೆ ಸತ್ಯವಿದೆ. ಗಡ್ಡೆಗಳು ಗ್ಲೂಕೋಸನ್ನು ಹೆಚ್ಚು ಬಳಸುವುದನ್ನು ಜರ್ಮನಿಯ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ಕಂಡಿದ್ದರು. ಪೆಟ್ ಸ್ಕ್ಯಾನ್ ಗಡ್ಡೆ ಪತ್ತೆಹಚ್ಚುವುದೂ ಇದೇ ಗುಣದಿಂದ. ಆದರೆ ಸಕ್ಕರೆ ಬಿಟ್ಟರೂ ಅನ್ನ, ಮುದ್ದೆಯಿಂದ ಗ್ಲೂಕೋಸ್ ಬರುತ್ತದೆ. ಅದನ್ನೂ ಬಿಟ್ಟರೆ ಸ್ನಾಯು ಕರಗುತ್ತದೆ, ಆ ಪ್ರೋಟೀನಿನಿಂದ ಯಕೃತ್ತು ಗ್ಲೂಕೋಸ್ ಮಾಡುತ್ತದೆ. ಸೊರಗುವುದು ರೋಗಿ. ತೂಕ ಇಳಿದರೆ ಕೀಮೋ ತಡೆದುಕೊಳ್ಳುವುದೂ ಕಷ್ಟ. ಇಲಿಗಳ ಸುದ್ದಿಗಿಂತ ಈ ಸಂದೇಶವೇ ನಮಗೆ ಹೆಚ್ಚು ಆತಂಕ ತರುತ್ತದೆ. ರೋಗಿಗೆ ಮಧುಮೇಹವೂ ಇದ್ದರೆ ಸಿಹಿ ಎಷ್ಟಿರಬೇಕೆಂದು ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ ಕೇಳಿ.