ಡಾಕ್ಟ್ರೇ, ‘ಇಡಿಯೋಪಥಿಕ್’ ಅಂದ್ರೇನು?

ವೈದ್ಯಕೀಯ ಪದಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸೋದು ‘ಇಡಿಯೋಪಥಿಕ್’. ರಿಪೋರ್ಟಿನಲ್ಲಿ ಇದು ಕಂಡ ಕೂಡಲೇ ಮನೆಯವರ ಮುಖ ಬಿಳಚಿಕೊಳ್ಳುತ್ತೆ. ಯಾವುದೋ ದೊಡ್ಡ ಕಾಯಿಲೆಯೇ ಇರಬೇಕು, ಹೆಸರೇ ಇಷ್ಟುದ್ದ ಇದೆ. ಬಿಡಿಸಿ ನೋಡಿ: ಗ್ರೀಕಿನಲ್ಲಿ ‘ಇಡಿಯೋಸ್’ ಅಂದರೆ ಸ್ವಂತದ್ದು, ‘ಪಥೋಸ್’ ಅಂದರೆ ನರಳಾಟ. ತನ್ನಷ್ಟಕ್ಕೆ ತಾನೇ ಬಂದ ನರಳಾಟ. ಅಂದರೆ, ಇದು ಯಾಕೆ ಬಂತೋ ನಮಗೆ ಗೊತ್ತಿಲ್ಲ. ಅಷ್ಟೇ. (‘ಈಡಿಯಟ್’ ಕೂಡ ಇದೇ ‘ಇಡಿಯೋಸ್’ ಮನೆತನದ್ದು. ಈ ನೆಂಟಸ್ತನದ ಜೋಕನ್ನು ವೈದ್ಯರೇ ಹೇಳಿಕೊಂಡು ನಗುತ್ತಾರೆ, ನಾನು ಬೆಳೆಸೋದಿಲ್ಲ.)

ಬಿಪಿ ಇರುವ ಬಹುಪಾಲು ಜನರ ಫೈಲಿನಲ್ಲಿರುವ ‘ಎಸೆನ್ಶಿಯಲ್ ಹೈಪರ್‌ಟೆನ್ಷನ್’ ಇನ್ನೊಂದು ನಮೂನೆ. ಎಸೆನ್ಶಿಯಲ್ ಅಂದರೆ ಅಗತ್ಯವಾದದ್ದು ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಬಿಪಿ ಯಾರಿಗೆ ಅಗತ್ಯ ಸ್ವಾಮಿ? ಇಲ್ಲಿ ಆ ಪದಕ್ಕೆ ಇಂಥದ್ದೇ ಅಂತ ಬೊಟ್ಟು ಮಾಡುವ ಕಾರಣ ಸಿಗಲಿಲ್ಲ ಅನ್ನೋದೇ ಅರ್ಥ. ಮತ್ತೆ ಅದೇ ‘ಗೊತ್ತಿಲ್ಲ’, ಬೇರೆ ಕೋಟು ಹಾಕಿಕೊಂಡು ಬಂದಿದೆ.

ಗೊತ್ತಿಲ್ಲ ಅನ್ನೋದು ಅವಮಾನವಲ್ಲ. ವಿಜ್ಞಾನ ನಡೆಯೋದೇ ಆ ಮಾತಿನಿಂದ. ನನ್ನ ತಕರಾರು, ಅದನ್ನು ರೋಗಿಗೆ ತಿಳಿಯದ ಭಾಷೆಯಲ್ಲಿ ಹೇಳಿ, ಹೇಳಿದೆವು ಅಂತ ಲೆಕ್ಕ ಹಾಕಿಕೊಳ್ಳುವುದರ ಬಗ್ಗೆ. ‘ಐಯಾಟ್ರೋಜೆನಿಕ್’ ಅಂದರೆ ವೈದ್ಯರ ಕೈಯಿಂದಲೇ ಆದದ್ದು. ‘ನೊಸೊಕೋಮಿಯಲ್’ ಅಂದರೆ ಆಸ್ಪತ್ರೆಯಲ್ಲೇ ಅಂಟಿಕೊಂಡದ್ದು. ಈ ಎರಡನ್ನು ಕನ್ನಡದಲ್ಲಿ ಹೇಳಿ ನೋಡಿ, ವಾರ್ಡಿನಲ್ಲಿ ಗಲಾಟೆಯೇ ಆಗಬಹುದು. ಗ್ರೀಕಿನಲ್ಲಿ ಹೇಳಿದರೆ ಜನ ‘ಸರಿ ಡಾಕ್ಟ್ರೇ’ ಅಂತ ಕೈ ಮುಗಿದು ಬಿಲ್ ಕಟ್ಟುತ್ತಾರೆ.

ತಮಾಷೆ ಅಂದರೆ, ಹುಟ್ಟಿದ ಊರಿನಲ್ಲಿ ಈ ಪದಗಳಿಗೆ ಇಂಥ ಗತ್ತು ಇರಲೇ ಇಲ್ಲ. ಹೆಸರಿಟ್ಟವರು ಕಣ್ಣಿಗೆ ಕಂಡದ್ದನ್ನು ಹೇಳಿದ್ದಾರೆ, ನಮ್ಮ ಹಳ್ಳಿಯವರು ಹೇಳುವ ಹಾಗೇ. ‘ಮಸಲ್’ ಅಂದರೆ ಪುಟ್ಟ ಇಲಿ. ತೋಳು ಮಡಚಿದಾಗ ಚರ್ಮದಡಿ ಉಬ್ಬಿ ಓಡುತ್ತಲ್ಲ, ಅದು. ರೋಮನ್ನರಿಗೆ ಇಲಿ ಕಂಡಲ್ಲಿ ನಮ್ಮವರಿಗೆ ಮೀನು ಕಂಡಿತು, ಕಾಲಿನ ಹಿಂಬದಿಯ ಮಾಂಸಕ್ಕೆ ‘ಮೀನಖಂಡ’ ಅಂದರು. ಮೊಳಕಾಲ ಮೂಳೆ ‘ಟಿಬಿಯಾ’ ಅಂದರೆ ಕೊಳಲು. ಬೆನ್ನುಮೂಳೆಯ ತುದಿಯ ‘ಕಾಕ್ಸಿಕ್ಸ್’ ಅಂದರೆ ಕೋಗಿಲೆ, ಅದರ ಕೊಕ್ಕಿನ ಹಾಗಿದೆ ಅಂತ. ಕಣ್ಣಿನ ‘ಪ್ಯೂಪಿಲ್’ ಲ್ಯಾಟಿನ್ನಿನಲ್ಲಿ ಪುಟ್ಟ ಹುಡುಗಿ, ಗೊಂಬೆ. ಎದುರಿಗಿರುವವರ ಕಣ್ಣೊಳಗೆ ಇಣುಕಿದರೆ ನಮ್ಮದೇ ಗೊಂಬೆಯಷ್ಟು ಚಿಕ್ಕ ಬಿಂಬ ಕಾಣುತ್ತೆ. ಕನ್ನಡದಲ್ಲಿ? ಕಣ್ಣಿನ ಪಾಪೆ. ಪಾಪೆ ಅಂದರೂ ಗೊಂಬೆಯೇ. ರೋಮನ್ನರ ಮುಖ ನೋಡದೆ ನಮ್ಮಜ್ಜಿಯರು ಅದೇ ಹೆಸರಿಟ್ಟರು.

ನನಗೆ ಇದರಲ್ಲೆಲ್ಲ ತುಂಬಾ ಇಷ್ಟವಾದದ್ದು ‘ಹರ್ಪಿಸ್ ಜೋಸ್ಟರ್’. ಮೈಯ ಒಂದು ಮಗ್ಗುಲಲ್ಲಿ ಪಟ್ಟಿಯ ಹಾಗೆ ಗುಳ್ಳೆ ಎದ್ದು ಉರಿಯುವ ಕಾಯಿಲೆ. ಗ್ರೀಕಿನ ‘ಹರ್ಪೆಯಿನ್’ ಅಂದರೆ ತೆವಳು, ‘ಜೋಸ್ಟರ್’ ಅಂದರೆ ನಡುಪಟ್ಟಿ. ತೆವಳುತ್ತಾ ಸೊಂಟ ಸುತ್ತುವಂಥದ್ದು. ಇದಕ್ಕೆ ನಮ್ಮಲ್ಲಿ ‘ಸರ್ಪಸುತ್ತು’ ಅಂತಾರೆ. ಈಗ ಕೇಳಿ: ಗ್ರೀಕಿನ ‘ಹರ್ಪೆಯಿನ್’, ಲ್ಯಾಟಿನ್ನಿನ ‘ಸರ್ಪೆರೆ’, ಸಂಸ್ಕೃತದ ‘ಸರ್ಪ’ ಮೂರೂ ಒಂದೇ ಬೇರಿನವು ಅಂತ ಭಾಷಾ ವಿಜ್ಞಾನಿಗಳು ಒಪ್ಪುತ್ತಾರೆ. ಅಲ್ಲಿಗೆ ಹರ್ಪಿಸ್ ಅಂದರೆ ಸರ್ಪ, ಜೋಸ್ಟರ್ ಅಂದರೆ ಸುತ್ತು. ಪದಕ್ಕೆ ಪದ! ಆದರೆ ಮೊದಲನೆಯದು ಹೇಳಿದವನು ಸ್ಪೆಷಲಿಸ್ಟು, ಎರಡನೆಯದು ಹೇಳಿದವಳು ಓದು ಬರಹ ಇಲ್ಲದ ಮುದುಕಿ. (ಸರ್ಪಸುತ್ತಿಗೆ ಮಂತ್ರ ಹಾಕಿಸಿಕೊಂಡು ಕೂರಿ ಅಂತ ನಾನು ಹೇಳ್ತಿಲ್ಲ. ಬೇಗ ಆಸ್ಪತ್ರೆಗೆ ಹೋಗಿ. ಹೆಸರು ಸರಿ ಅಂದ ಮಾತ್ರಕ್ಕೆ ಮದ್ದೂ ಸರಿ ಅಂತೇನಿಲ್ಲ.)

‘ಆದರೆ ಇಂಗ್ಲಿಷ್ ಪದ ನಿಖರ, ಕನ್ನಡದಲ್ಲಿ ಆ ನಿಖರತೆ ಬರಲ್ಲ’ ಅನ್ನುವ ವಾದ ಇದೆ. ಹೌದಾ? ‘ಮಲೇರಿಯಾ’ ಅಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಆ ಪರಾವಲಂಬಿಯನ್ನು ಕಂಡಾಗಲೇ ಗಾಳಿಯ ಕಥೆ ಮುಗಿಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ‘ಇನ್‌ಫ್ಲುಯೆಂಜಾ’ ಅಂದರೆ ಪ್ರಭಾವ, ನಕ್ಷತ್ರಗಳ ಪ್ರಭಾವ. ನಮ್ಮಲ್ಲಿ ಗ್ರಹಚಾರ ಅಂದರೆ ಮೌಢ್ಯ, ಅಲ್ಲಿ ಅದು ಡಯಾಗ್ನೋಸಿಸ್. ‘ಹಿಸ್ಟೀರಿಯಾ’ ಬಂದದ್ದು ‘ಹಿಸ್ಟೆರಾ’ದಿಂದ, ಅಂದರೆ ಗರ್ಭಕೋಶ. ಹೆಂಗಸಿನ ಸಂಕಟಕ್ಕೆಲ್ಲ ಅವಳ ಬಸಿರೇ ಕಾರಣ ಅಂತ ನಂಬಿದ್ದ ಕಾಲದ ಪದ. ಇದು ನಿಖರತೆಯಲ್ಲ, ಬರೀ ರೂಢಿ. ವೈದ್ಯರು ವೈದ್ಯರ ಜೊತೆ ಮಾತಾಡುವಾಗ ರೂಢಿ ಬೇಕು, ಒಪ್ಪಿದೆ. ಕೇರಳದ ನರ್ಸಿಗೂ ಕಲಬುರಗಿಯ ಸರ್ಜನ್ನಿಗೂ ಒಂದೇ ಪದ ಇರಬೇಕು. ಆದರೆ ಮಂಚದ ಮೇಲೆ ಮಲಗಿರುವವರು ಆ ವಾಟ್ಸಾಪ್ ಗ್ರೂಪಿನಲ್ಲಿ ಇಲ್ಲವಲ್ಲ.

ಇನ್ನು ನಮ್ಮ ಕನ್ನಡ ಪಠ್ಯಪುಸ್ತಕದವರು. ಹೃದಯದ ಮೇಲಿನ ಕೋಣೆಗೆ ‘ಹೃತ್ಕರ್ಣ’, ಕೆಳಗಿನದಕ್ಕೆ ‘ಹೃತ್ಕುಕ್ಷಿ’. ಯಾಕೆ? ಲ್ಯಾಟಿನ್ನಿನಲ್ಲಿ ‘ಆರಿಕಲ್’ ಅಂದರೆ ಪುಟ್ಟ ಕಿವಿ, ‘ವೆಂಟ್ರಿಕಲ್’ ಅಂದರೆ ಪುಟ್ಟ ಹೊಟ್ಟೆ. ಹಾಗಾಗಿ ಕರ್ಣ, ಕುಕ್ಷಿ. ಲ್ಯಾಟಿನ್‌ನಿಂದ ಹೊರಟ ಬಸ್ಸು ನೇರ ಸಂಸ್ಕೃತಕ್ಕೆ ಹೋಗಿ ನಿಂತಿತು, ಮಧ್ಯೆ ಕನ್ನಡಕ್ಕೆ ಸ್ಟಾಪ್ ಇಲ್ಲ. ‘ಮೇಲಿನ ಕೋಣೆ, ಕೆಳಗಿನ ಕೋಣೆ’ ಅಂದಿದ್ದರೆ ಹೃದಯ ನಿಂತುಹೋಗ್ತಿತ್ತಾ? ಇಂಥ ಪದ ಓದಿದವರೇ ಮುಂದೆ ‘ಕನ್ನಡದಲ್ಲಿ ವಿಜ್ಞಾನ ಆಗಲ್ಲ’ ಅನ್ನೋದು. ಆಗಲ್ಲ ಅನ್ನುವವರು ಅನುಪಮಾ ನಿರಂಜನ ಅವರ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ತೆರೆದು ನೋಡಲಿ. ಸ್ವತಃ ವೈದ್ಯೆ. ಬಸಿರು, ಬಾಣಂತನ ಅಂತ ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದರು, ಜನ ಓದಿದರು. ‘ಕೊರವಂಜಿ’ ನಡೆಸಿ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋರೋಗದ ಬಗ್ಗೆ ಕನ್ನಡದಲ್ಲಿ ‘ಮನಮಂಥನ’ ಬರೆದರು. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು.

ನೀವು ಕೇಳಬಹುದು, ನಮಗೇನು ಇದರಿಂದ, ನಮಗೆ ಇಂಗ್ಲಿಷ್ ಬರುತ್ತಲ್ಲ ಅಂತ. ನಿಮಗೆ ಬರೋದು ಇಂಗ್ಲಿಷ್. ಚೀಟಿಯಲ್ಲಿರೋದು ಲ್ಯಾಟಿನ್. ನಮ್ಮ ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಗಿ ಮನೆಗೆ ಕಳಿಸಿದಾಗ ನೋವಿನ ಮಾತ್ರೆಯ ಮುಂದೆ ‘ಎಸ್‌ಒಎಸ್’ ಅಂತ ಬರೆದಿದ್ದರು. ದೊಡ್ಡಮ್ಮ ಮಗನನ್ನು ಕೇಳಿದರು. ಅವನು ಒಳ್ಳೆ ಕಂಪನಿಯಲ್ಲಿ ಆರ್ಕಿಟೆಕ್ಟ್. ‘ಎಸ್‌ಒಎಸ್ ಅಂದ್ರೆ ಮುಳುಗೋ ಹಡಗಿನವರು ಕಳಿಸೋ ಸಿಗ್ನಲ್ಲಮ್ಮ, ಎಮರ್ಜೆನ್ಸಿಗೆ ಮಾತ್ರ’ ಅಂದ. ದೊಡ್ಡಮ್ಮ ಮೂರು ರಾತ್ರಿ ಹಲ್ಲು ಕಚ್ಚಿಕೊಂಡು ಮಲಗಿದರು, ಇನ್ನೂ ಹಡಗು ಮುಳುಗಿಲ್ಲ ಅಂತ. ಅದು ‘ಸಿ ಓಪುಸ್ ಸಿಟ್’, ಅಂದರೆ ‘ಬೇಕಾದರೆ’. ಬೇಕಾದಾಗ ತಗೊಳ್ಳಿ ಅನ್ನೋದಕ್ಕೆ ಸೀಸರನ ಕಾಲದ ಭಾಷೆ! ‘ಬಿಡಿ’ ಅಂದರೆ ದಿನಕ್ಕೆರಡು ಸಲ, ‘ಎಚ್‌ಎಸ್’ ಅಂದರೆ ಮಲಗುವ ಹೊತ್ತಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಬರೆಯೋಕೆ ಎಷ್ಟು ಶಾಯಿ ಬೇಕು? ಔಷಧಿಯ ಹೆಸರನ್ನು ಓದುವ ಹಾಗೆ, ಆದಷ್ಟು ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕು ಅಂತ 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ನಿಯಮ ಮಾಡಿತು. ಒಳ್ಳೆಯದೇ. ಆದರೆ ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ನಿಯಮ ಮಾಡಿದವರ ಕಣ್ಣ ಮುಂದೆ ಯಾವ ಲಿಪಿ ಇತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಮೂರು ರಾತ್ರಿಯ ಮಂಡಿನೋವು ಹೇಗೋ ಕಳೆಯುತ್ತೆ. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಪ್ರಕರಣ ನೋಡಿ. ದೆಹಲಿಯ 44 ವರ್ಷದ ಹೆಂಗಸು, ಅವಿವಾಹಿತೆ. ಏನಾಗಿದೆ ಅಂತ ತಿಳಿಯಲು ‘ಲ್ಯಾಪರೋಸ್ಕೋಪಿ’ ಮಾಡಿಸಿಕೊಳ್ಳೋಕೆ ಹೋದರು. ಸಹಿ ಹಾಕಿದ ಕಾಗದದಲ್ಲಿ ‘ಲ್ಯಾಪರಾಟಮಿ’ ಬೇಕಾಗಬಹುದು ಅಂತಲೂ ಇತ್ತು. ಅರಿವಳಿಕೆಯಲ್ಲಿದ್ದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು, ‘ಹಿಸ್ಟರೆಕ್ಟಮಿ’ ಮಾಡಿಬಿಟ್ಟರು. ಎಚ್ಚರವಾದಾಗ ಗರ್ಭಕೋಶ ಇಲ್ಲ, ಅಂಡಾಶಯಗಳೂ ಇಲ್ಲ. ಪ್ರಾಣಕ್ಕೆ ಅಪಾಯ ಇಲ್ಲದಾಗ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪಿದರೆ ಸಾಲದು, ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ರೋಗಿಗೆ ಮೊದಲೇ ತಿಳಿಸಿರಬೇಕು ಅಂತ ಕೋರ್ಟ್ ಹೇಳಿತು.

ಆ ಮೂರು ಪದಗಳ ಬಾಲಗಳನ್ನು ಈಗ ಬಿಡಿಸಿ. ‘ಸ್ಕೋಪಿ’ ಅಂದರೆ ನೋಡುವುದು. ‘ಅಟಮಿ’ ಅಂದರೆ ಕುಯ್ಯುವುದು. ‘ಎಕ್ಟಮಿ’ ಅಂದರೆ ಕುಯ್ದು ತೆಗೆದುಹಾಕುವುದು. ‘ಆಸ್ಟಮಿ’ ಅಂತ ಇನ್ನೊಂದಿದೆ, ಬಾಯಿ ಮಾಡುವುದು, ಅಂದರೆ ಮೈಯಲ್ಲಿ ದಾರಿ ತೆರೆಯುವುದು. ಕಿವಿಗೆ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಕನ್ನಡದಲ್ಲಿ ಇವು ನಾಲ್ಕು ಬೇರೆ ಬೇರೆ ಕ್ರಿಯಾಪದಗಳು, ಮೂರನೇ ಕ್ಲಾಸಿನ ಮಗುವೂ ಬೆರೆಸಿ ಗೊಂದಲ ಮಾಡಿಕೊಳ್ಳಲ್ಲ. ನೋಡ್ತೀವಿ ಅಂದವರು ತೆಗೆದುಬಿಟ್ಟರೆ ಯಾರಿಗಾದರೂ ತಿಳಿಯುತ್ತೆ.

‘ಡಾಕ್ಟರ್’ ಅನ್ನುವ ಪದ ಬಂದದ್ದು ಲ್ಯಾಟಿನ್ನಿನ ‘ಡೊಸೆರೆ’ಯಿಂದ, ಅಂದರೆ ಕಲಿಸು. ‘ಸರ್ಜರಿ’ ಗ್ರೀಕಿನಲ್ಲಿ ಕೈಕೆಲಸ. ನಮ್ಮೂರಿನಲ್ಲಿ ಒಳ್ಳೆ ವೈದ್ಯರಿಗೆ ಕೈಗುಣ ಇದೆ ಅಂತಾರೆ, ಆ ಮಾತು ಸರಿಯಾಗೇ ಇದೆ. ಆದರೆ ಕೈಯನ್ನಷ್ಟೇ ಹೊಗಳಿ ಬಾಯಿಯನ್ನು ಬಿಟ್ಟುಕೊಟ್ಟವರೂ ನಾವೇ. ರೌಂಡ್ಸಿಗೆ ಬಂದವರು ಕಾಲುಗಂಟೆ ನಿಂತು ವಿವರಿಸಲಿ ಅಂತ ನಾವು ಕೇಳೋದಿಲ್ಲ, ಹೊತ್ತಿಲ್ಲ ಪಾಪ ಅಂತ ನಾವೇ ಅವರ ಪರವಾಗಿ ಹೇಳಿಬಿಡ್ತೀವಿ. ಜನಜಂಗುಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಿಜವಾಗಿಯೂ ಹೊತ್ತಿಲ್ಲ. ದಿನಕ್ಕೆ ಸಾವಿರಗಟ್ಟಲೆ ಬಾಡಿಗೆ ಇರುವ ರೂಮಿನಲ್ಲೂ ಇಲ್ಲ ಅಂದರೆ ಹೇಗೆ? ‘ಹಾಸ್ಪಿಟಲ್’, ‘ಹೋಟೆಲ್’ ಎರಡೂ ಅತಿಥಿ ಅನ್ನುವ ಒಂದೇ ಪದದಿಂದ ಹುಟ್ಟಿದವು, ಹೋಟೆಲ್ಲಿನವರಾದರೂ ಮೆನು ಓದಿ ಹೇಳ್ತಾರೆ.

ನಮ್ಮ ಕೆಲಸ ದೊಡ್ಡದೇನಲ್ಲ. ಅಪ್ಪನ ಪಕ್ಕ ಕೂತು ಇಂಗ್ಲಿಷಿನಲ್ಲಿ ತಲೆಯಾಡಿಸಿ, ಆಮೇಲೆ ಕಾರಿನಲ್ಲಿ ‘ಏನಿಲ್ಲಪ್ಪ, ಸಣ್ಣದು’ ಅನ್ನೋದನ್ನು ನಿಲ್ಲಿಸೋಣ. ಒಪ್ಪಿಗೆಯ ಕಾಗದ ಮುಂದಿಟ್ಟು ಪೆನ್ನು ಕೊಟ್ಟಾಗ ಅಪ್ಪನೇ ಕೇಳಲಿ, ಕನ್ನಡದಲ್ಲೇ: ನೋಡ್ತೀರಾ, ಕುಯ್ತೀರಾ, ದಾರಿ ಮಾಡ್ತೀರಾ, ತೆಗೀತೀರಾ? ಉತ್ತರ ಬರುವ ತನಕ ಪೆನ್ನಿನ ಮುಚ್ಚಳ ತೆಗೆಯೋದು ಬೇಡ.