ಮುಪ್ಪು, ಮೈಬಣ್ಣ ಮತ್ತು ರಸ್ತೆ

ಅಮೆರಿಕದಲ್ಲಿ 65 ವರ್ಷ ದಾಟಿದ ಸುಮಾರು 5 ಕೋಟಿ ಜನರು ವಾಹನ ನಡೆಸುವ ಪರವಾನಗಿ ಹೊಂದಿದ್ದಾರೆ. ಈ ಹಿರಿಯರಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ವಾಹನ ನಡೆಸುವ ರೂಢಿಯಲ್ಲಿ ವ್ಯತ್ಯಾಸವಿದೆಯೆಂದು ಅಲ್ಲಿನ ಸಂಶೋಧಕರು ಹೇಳುತ್ತ ಬಂದಿದ್ದಾರೆ. ಕಪ್ಪು ಹಿರಿಯರು ಓಡಿಸುವ ದೂರ ಕಡಿಮೆ. ಕಾರನ್ನು ಕೈಬಿಡುವುದೂ ಬೇಗ. ಇದನ್ನು ಕೇಳಿದೊಡನೆ ‘ಅದು ಅವರ ಹುಟ್ಟುಗುಣ’ ಎಂದು ತೀರ್ಪು ಕೊಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಇಂಥ ತೀರ್ಪು ನಿಜವಾದ ಕಾರಣವನ್ನು ಮುಚ್ಚಿಹಾಕುತ್ತದೆಂಬುದು ನಮ್ಮ ಅಭಿಪ್ರಾಯ.

ಇಂದು ಎಂಬತ್ತು ದಾಟಿದ ಕಪ್ಪು ಅಮೆರಿಕನ್ನರ ಯೌವನ ಹೇಗಿತ್ತು? ದಕ್ಷಿಣದ ರಾಜ್ಯಗಳಲ್ಲಿ ವಸತಿಗೃಹ, ಊಟದ ಮನೆ, ಶೌಚಾಲಯ ಎಲ್ಲವೂ ಮೈಬಣ್ಣದ ಪ್ರಕಾರ ಬೇರೆಬೇರೆ. ಸ್ವಂತ ಕಾರಿದ್ದವನಿಗೂ ರಾತ್ರಿ ತಂಗಲು ಜಾಗ ಸಿಕ್ಕೀತೆಂಬ ಭರವಸೆಯಿರಲಿಲ್ಲ. ಈ ಸಂಕಟವನ್ನರಿತೇ ನ್ಯೂಯಾರ್ಕಿನ ವಿಕ್ಟರ್ ಗ್ರೀನ್ ಎಂಬ ಅಂಚೆ ಪೇದೆ 1936ರಲ್ಲಿ ಕಪ್ಪು ಪ್ರಯಾಣಿಕರಿಗಾಗಿ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನು ಆರಂಭಿಸಿದರು. ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು ಎಂದು ತಿಳಿಸುವ ಈ ಕೈಪಿಡಿ ಸುಮಾರು ಮೂರು ದಶಕ ನಡೆಯಿತು. ನಾಗರಿಕ ಹಕ್ಕುಗಳ ಕಾನೂನು ಬಂದದ್ದು 1964ರಲ್ಲಿ. ಅಂಥ ದಾರಿಯಲ್ಲಿ ಕಲಿತ ಎಚ್ಚರ ಮುಪ್ಪಿನಲ್ಲಿ ಒಮ್ಮೆಗೇ ಬಿಟ್ಟುಹೋದೀತೇ? ಇದರ ಜೊತೆಗೆ ಬಡತನವುಂಟು. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮ ಕಾಯಿಲೆಯೂ ಕಪ್ಪು ಜನರಲ್ಲಿ ಹೆಚ್ಚು.

ಕಾರು ಬಿಟ್ಟವರು ಸುರಕ್ಷಿತರಾದರೆಂದೂ ಹೇಳುವಂತಿಲ್ಲ. ಕ್ರಮಿಸಿದ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಲ್ಲ ವಯಸ್ಸಿನವರನ್ನೂ ಒಳಗೊಂಡ ಅದರ ಪ್ರಕಾರ, ಒಂದೇ ದೂರ ನಡೆದರೂ ಕಪ್ಪು ಜನರು ವಾಹನಕ್ಕೆ ಸಿಕ್ಕಿ ಸಾಯುವ ಪ್ರಮಾಣ ಬಿಳಿಯರ ಎರಡು ಪಟ್ಟಿಗಿಂತಲೂ ಹೆಚ್ಚು. 1956ರ ಕಾನೂನಿನ ಬಲದಿಂದ ಕಟ್ಟಿದ ಹೆದ್ದಾರಿಗಳು ಎಷ್ಟೋ ಕಡೆ ಕಪ್ಪು ಜನರ ಕೇರಿಗಳ ನಡುವೆಯೇ ಹಾದವು. ಸೈಂಟ್ ಪಾಲ್ ನಗರದ ರೋಂಡೊ ಎಂಬ ಕೇರಿಯನ್ನು ಅಂಥದೊಂದು ಹೆದ್ದಾರಿ ಎರಡಾಗಿ ಸೀಳಿತು. ದೋಷ ನಡೆಯುವವನ ರಕ್ತದಲ್ಲಿಲ್ಲ, ಅವನ ಪಾಲಿಗೆ ಬಂದ ರಸ್ತೆಯಲ್ಲಿದೆ.

ದೂರದ ದೇಶದ ಈ ಮಾತು ನಮಗೇಕೆಂದು ಓದುಗರು ಕೇಳಬಹುದು. ನಮ್ಮಲ್ಲಿ ಮೈಬಣ್ಣದ ಪ್ರಶ್ನೆಯಿಲ್ಲ. ಅಲ್ಲಿನವರು ಪಟ್ಟ ಪಾಡಿಗೆ ನಮ್ಮದನ್ನು ಸರಿದೂಗಿಸುವುದೂ ಸಲ್ಲದು. ಆದರೆ ಚರಿತ್ರೆ ಮುದುಕರ ಮೈಯಲ್ಲಿ ಉಳಿಯುತ್ತದೆಂಬುದು ಇಲ್ಲಿಗೂ ಸಲ್ಲುವ ಸತ್ಯ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆಗ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಅಜ್ಜ ಅಜ್ಜಿಯರಲ್ಲಿ ಮಲಯಾಳವನ್ನು ಓದಲಾರದವರು ಇಂದಿಗೂ ಇದ್ದಾರೆ. ಕನ್ನಡವಿಲ್ಲದ ಫಲಕದೆದುರು, ಬಸ್ಸಿನ ಬೋರ್ಡಿನೆದುರು, ಅಕ್ಷರಸ್ಥರಾದ ಈ ಹಿರಿಯರು ನಿರಕ್ಷರಿಗಳಾಗುತ್ತಾರೆ. ‘ವಾಹನ ತಿರುವು’ ಎಂಬುದು ಓದಲು ಬಾರದಿದ್ದರೆ ಅದು ಎಚ್ಚರಿಕೆಯೇ ಅಲ್ಲ.

ತಲಪಾಡಿಯಿಂದ ತೆಂಕಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗುತ್ತಿರುವುದು ಊರಿನ ಅಭಿವೃದ್ಧಿಗೆ ಒಳ್ಳೆಯದೇ. ಆದರೆ ಎದುರುಬದಿಯ ಆಸ್ಪತ್ರೆಗೆ ಹೋಗಬೇಕಾದ ಮುದುಕಿಗೆ ಅದು ಹೊಳೆಯಿದ್ದಂತೆ. ಮೊಣಕಾಲು ನೋವಿನವರಿಗೆ ಮೆಟ್ಟಿಲಿನ ಕಾಲುಸೇತುವೆಯನ್ನು ತೋರಿಸಿದರೆ ಪ್ರಯೋಜನವಿಲ್ಲ. ಜನ ನಿತ್ಯ ದಾಟುವಲ್ಲಿ ಸಮನೆಲದ ಕೆಳದಾರಿ ಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಅರ್ಜಿಗೆ ಸಲ್ಲುವ ಭಾಷೆ ಜೀವ ಉಳಿಸುವ ಫಲಕಕ್ಕೂ ಸಲ್ಲಬೇಡವೇ? ಅಧಿಕಾರಿಗಳೂ ನಮ್ಮ ಜನಪ್ರತಿನಿಧಿಗಳೂ ಇದನ್ನು ಕಿವಿಗೆ ಹಾಕಿಕೊಳ್ಳಬೇಕು.

ಮನೆಯವರಿಗೂ ಒಂದು ಮಾತು. ಐವತ್ತೈದು ದಾಟಿದವರ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ವೈದ್ಯರ ಪ್ರಮಾಣಪತ್ರವೂ ಬೇಕು. ಅದನ್ನು ಬರಿಯ ಸಹಿಯೆಂದು ಎಣಿಸದೆ ಹಿರಿಯರ ಕಣ್ಣು, ಕಿವಿಗಳನ್ನು ನಿಜವಾಗಿ ಪರೀಕ್ಷಿಸಿಸಿರಿ. ಸ್ಕೂಟರಿನ ಕೀಲಿಕೈ ಕಸಿದುಕೊಳ್ಳುವ ಮೊದಲು ಅವರನ್ನು ಪೇಟೆಗೂ ದೇವಸ್ಥಾನಕ್ಕೂ ಕರೆದೊಯ್ಯುವವರು ಯಾರೆಂದು ನಿಶ್ಚಯಿಸಿರಿ. ದಾರಿ ಕಾಣದ ಹಿರಿಯರನ್ನು ಮನೆಯೊಳಗೆ ಕೂಡಿಹಾಕುವುದು ಸುರಕ್ಷತೆಯಲ್ಲ.