ಬರಿಯ ಹೊಗಳಿಕೆಯು ವಿಮರ್ಶೆಯಲ್ಲ

ಗಾಂಧಿನಗರದ ನಮ್ಮ ಮನೆಗೆ ಛಾಯಾಗ್ರಹಣವನ್ನು ಕಲಿಯುತ್ತಿರುವ ತರುಣನೊಬ್ಬನು ಬಳ್ಳಾರಿಯ ಕೋಟೆಗುಡ್ಡದ ಚಿತ್ರವನ್ನು ತಂದನು. ಕುಳಿತಿದ್ದವರೆಲ್ಲರೂ ‘ಬಲು ಸೊಗಸು’ ಎಂದರು, ನಾನೂ ಎಂದೆನು. ಚಿತ್ರವು ಒಂದು ಪಕ್ಕಕ್ಕೆ ವಾಲಿದ್ದುದನ್ನೂ ವಿದ್ಯುತ್ತಿನ ತಂತಿಯೊಂದು ಕೋಟೆಯನ್ನು ಸೀಳಿದ್ದುದನ್ನೂ ಕಂಡವರು ಯಾರೂ ಬಾಯಿ ಬಿಡಲಿಲ್ಲ. ಮರುತಿಂಗಳು ಅವೇ ದೋಷಗಳುಳ್ಳ ಹತ್ತು ಚಿತ್ರಗಳು ಬಂದುವು. ವಾಚಕರೇ, ಈ ತಪ್ಪು ಅವನದೋ, ನಮ್ಮದೋ?

ಕಲಿಯುವವನ ಮನಸ್ಸು ನೋಯಬಾರದೆಂದು ಕೆಲವರು ವಾದಿಸುವರು. ಹಾಗಾದರೆ ಸಂಗೀತದ ಗುರುವು ಅಪಸ್ವರವನ್ನು ತಿದ್ದದೆ ಬಿಡತಕ್ಕದ್ದೆ? ‘ಇದೂ ಒಂದು ಚಿತ್ರವೆ’ ಎಂದು ಮೂಗು ಮುರಿಯುವುದಾದರೂ ವಿಮರ್ಶೆಯಲ್ಲ, ಅದು ಗರ್ವ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ತಡೆಯಿತು, ಬೆಳಕು ಯಾವುದನ್ನು ಮರೆಸಿತು ಎಂಬುದನ್ನು ಕಾರಣಸಹಿತವಾಗಿ ಹೇಳುವುದೇ ವಿಮರ್ಶೆ.

ಹಾಗೆ ನೋಡಲು ಕಲಿಯುವುದಕ್ಕೆ ನಮ್ಮ ನೆರೆಯಲ್ಲಿಯೇ ಪಾಠವಿದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವರು ಮೇಣ ಸವರಿದ ಕಾಗದದ ನೆಗೆಟಿವುಗಳಲ್ಲಿ ಹಂಪೆಯನ್ನು ಸೆರೆಹಿಡಿದರು. 1983ರಲ್ಲಿ ಜಾನ್ ಗಾಲಿಂಗ್ಸ್ ಅವೇ ನೆಲೆಗಳನ್ನು ಹುಡುಕಿ ನಿಂತು ಪುನಃ ಚಿತ್ರಿಸಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವನಿಗೆ, ನಿಲ್ಲುವ ನೆಲೆಯೂ ಬೆಳಕೂ ಏನೆಂಬುದು ನೂರು ಹೊಗಳಿಕೆಗಳಿಗಿಂತ ಚೆನ್ನಾಗಿ ತಿಳಿಯುವುದು.

ಆದುದರಿಂದ ತೋರಿಸುವವನು ಸಮರ್ಥನೆಗೆ ಮುನ್ನ ಕಿವಿಗೊಡಲಿ. ನೋಡುವವರು ಸೌಜನ್ಯವೆಂಬ ಹೆಸರಿನ ಸೋಮಾರಿತನವನ್ನು ಬಿಡಲಿ. ಕಡೆಗೆ ನಾನು ಆ ತರುಣನನ್ನು ಕರೆದು ತಂತಿಯ ಸಂಗತಿಯನ್ನು ತಿಳಿಸಿದೆನು. ‘ಮೊದಲೇ ಹೇಳಬಾರದಾಗಿತ್ತೆ, ಸ್ವಾಮಿ?’ ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.